ಐವತ್ತರ ಗೆರೆ

ಆಸ್ಪತ್ರೆಯ ದಾಖಲೆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಹದಿನೇಳು ವರ್ಷದಿಂದ ಕೂತು, ಯಾರು ಯಾವತ್ತು ಬಂದರು, ಯಾಕೆ ಬಂದರು, ನಡೆದುಕೊಂಡು ಹೋದರೋ ಇನ್ನೊಬ್ಬರ ಹೆಗಲ ಮೇಲೆ ಹೋದರೋ ಎಂದು ಬರೆದಿಡುತ್ತಿದ್ದವಳನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು. ಅಷ್ಟು ವರ್ಷ ಅವಳ ಲೆಕ್ಕಕ್ಕೆ ಯಾರೂ ಕ್ಯಾರೇ ಅಂದಿರಲಿಲ್ಲ. ವರ್ಷಕ್ಕೊಮ್ಮೆ ಒಂದು ವರದಿ ಮೇಲಕ್ಕೆ ಹೋಗುತ್ತಿತ್ತು. ಮೇಲಿನವರು ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದರು. ಸೋಂಕು ಬಂದದ್ದೇ ಬಂದದ್ದು, ಎಲ್ಲ ತಲೆಕೆಳಗಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಅವಳು ಕಳಿಸುವ ಒಂದು ಹಾಳೆಗಾಗಿ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ಕೂರುವಂತಾಯಿತು. ಹೊಸ ಸೋಂಕಿತರು ಇಷ್ಟು, ವಾರ್ಡಿನಲ್ಲಿ ಇಷ್ಟು, ಆಕ್ಸಿಜನ್ ಮೇಲೆ ಇಷ್ಟು, ಸತ್ತವರು ಇಷ್ಟು. ಹತ್ತೂವರೆಯಿಂದಲೇ ಫೋನು ಶುರು. ವರ್ಷಗಟ್ಟಲೆ ಸುದ್ದಿಯಿಲ್ಲದ ನಾದಿನಿ ಕೂಡ ಫೋನ್ ಮಾಡಿ, "ಇವತ್ತೆಷ್ಟು?" ಎಂದು ಕೇಳುತ್ತಿದ್ದಳು.

ಆದರೆ ಎಲ್ಲರಿಗಿಂತ ಮೊದಲು ಫೋನ್ ಬರುತ್ತಿದ್ದದ್ದು ಅಣ್ಣನದು. ಅವನದು ಮುಖ್ಯ ಬೀದಿಯಲ್ಲಿ ಚಪ್ಪಲಿ, ಬೂಟಿನ ಅಂಗಡಿ. ಮೇಲಿನ ಮನೆಯಲ್ಲಿ ಅಮ್ಮ, ಹೆಂಡತಿ ಜೊತೆ ಅವನ ವಾಸ. ಔಷಧಿ, ದಿನಸಿ ಬಿಟ್ಟು ಉಳಿದ ಅಂಗಡಿಗಳೆಲ್ಲ ಬಾಗಿಲು ಹಾಕಿ ಏಳು ವಾರವಾಗಿತ್ತು. ಅಂಗಡಿಯವರ ಸಂಘಕ್ಕೆ ಅವನೇ ಮುಖಂಡ. ನಿರ್ಬಂಧ ಇರಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವ ಪುರಸಭೆಯ ಸಮಿತಿಯಲ್ಲಿ ಸಂಘದ ಪರವಾಗಿ ಕೂರುತ್ತಿದ್ದವನೂ ಅವನೇ.

ಆ ಗುರುವಾರ ಹಾಳೆ ಹೋದ ಬೆನ್ನಿಗೇ ಫೋನ್ ಮಾಡಿದ ಅವನ ದನಿಯಲ್ಲಿ ಹಬ್ಬದ ಕಳೆ ಇತ್ತು. "ನೋಡಿದ್ಯಾ ಪುಟ್ಟಿ? ಸೋಮವಾರ ಇನ್ನೂರ ಹನ್ನೆರಡು. ಮಂಗಳವಾರ ನೂರ ಎಪ್ಪತ್ನಾಲ್ಕು. ನಿನ್ನೆ ನೂರ ಮೂವತ್ತೊಂದು. ಇವತ್ತು ತೊಂಬತ್ತಾರು. ಇಳೀತಾ ಇದೆ. ನಾಳೆ ಸಭೇಲಿ ಬಾಗಿಲು ತೆಗೆಸಿಯೇ ಸೈ."

"ನೋಡೋಣ ಅಣ್ಣ" ಎಂದಳು ಅವಳು. ಇಳಿದರೆ ಒಳ್ಳೆಯದೇ. ಆದರೆ ಜ್ವರ ಇಷ್ಟು ಮರ್ಯಾದೆಯಿಂದ, ಮೆಟ್ಟಿಲ ಮೇಲೆ ಹೆಜ್ಜೆ ಇಟ್ಟು ಇಳಿದ ಹಾಗೆ ಇಳಿದದ್ದನ್ನು ಅವಳು ಎಲ್ಲಿಯೂ ನೋಡಿರಲಿಲ್ಲ.

"ಇನ್ನೊಂದು ಮಾತು" ಎಂದ ಅಣ್ಣ. "ವಾರ್ಡಲ್ಲಿ ಎಪ್ಪತ್ತೊಂದು ಜನ ಅಂತ ಬರ್ದಿದೀಯಲ್ಲ, ಅದರಲ್ಲಿ ನಮ್ಮ ಮುಳ್ಳಣ್ಣನೂ ಇದಾನಾ?"

ಮುಳ್ಳಣ್ಣ ಎಂದರೆ ಅಣ್ಣನ ಅಂಗಡಿಯ ಪಕ್ಕದ ಗಡಿಯಾರ ರಿಪೇರಿಯವನು. ಬದುಕಿಡೀ ಗಡಿಯಾರದ ಮುಳ್ಳು ತಿರುಗಿಸಿದವನಿಗೆ ಬೀದಿ ಇಟ್ಟ ಹೆಸರು ಅದು. ಅರವತ್ತೊಂದು ವಯಸ್ಸು, ಒಂಟಿ ಜೀವ. ಮುಚ್ಚಿದ ಅಂಗಡಿಯ ಶಟರ್‌ಗೆ ತುಕ್ಕು ಹಿಡಿಯುತ್ತದೆಂದು ಏಣಿ ಹತ್ತಿ ಎಣ್ಣೆ ಬಿಡಲು ಹೋಗಿ, ನಾಲ್ಕು ದಿನದ ಹಿಂದೆ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ. ಅವನನ್ನು ಆಸ್ಪತ್ರೆಗೆ ಹಾಕಿಕೊಂಡು ಬಂದದ್ದು ಅಣ್ಣನೇ. ಒಳಗೆ ಸೇರಿಸಿಕೊಳ್ಳುವಾಗ ಎಲ್ಲರಿಗೂ ಮಾಡುವ ಟೆಸ್ಟ್ ಅವನಿಗೂ ಮಾಡಿದರು. ಪಾಸಿಟಿವ್ ಬಂತು.

"ಅವನಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ. ಕಾಲು ಮುರಿದವನನ್ನೂ ಸೋಂಕಿನ ಲೆಕ್ಕಕ್ಕೆ ಸೇರಿಸಿ ಜನರನ್ನ ಹೆದರಿಸ್ತೀರಲ್ಲೇ. ಎಪ್ಪತ್ತೊಂದರಲ್ಲಿ ಇಂಥವರು ಎಷ್ಟು ಜನ? ನಾಳೆ ಸಭೇಲಿ ಕೇಳ್ತೀನಿ. ಉತ್ತರ ಇಟ್ಕೊಂಡಿರು."

ಫೋನ್ ಇಟ್ಟ ಮೇಲೆ ಅವಳಿಗೆ ಮೊದಲು ಬಂದದ್ದು ಸಿಟ್ಟು. ಹದಿನೇಳು ವರ್ಷದ ಕೆಲಸಕ್ಕೆ ಒಡಹುಟ್ಟಿದವನೇ ಮಸಿ ಬಳಿದಂತಾಯಿತಲ್ಲ ಎಂದು. ಸಿಟ್ಟು ಇಳಿದ ಮೇಲೂ ಅವನ ಪ್ರಶ್ನೆ ಅಲ್ಲೇ ಕೂತಿತ್ತು. ನಿಜಕ್ಕೂ ಎಷ್ಟು ಜನ? ಅವಳಿಗೂ ಗೊತ್ತಿರಲಿಲ್ಲ. ಮೇಲಿನಿಂದ ಬಂದ ನಮೂನೆಯಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚದೆ ಅವಳು ಎಪ್ಪತ್ತೊಂದು ಕೇಸ್ ಹಾಳೆಗಳನ್ನೂ ತರಿಸಿಕೊಂಡು ಮೇಜಿನ ಮೇಲೆ ಹರಡಿದಳು. ಬೆಣ್ಣೆಯಿಂದ ಕೂದಲು ತೆಗೆಯುವಂತೆ ಒಂದೊಂದನ್ನೇ ಓದಿದಳು. ಹೆರಿಗೆಗೆ ಬಂದವಳು. ಹೊಟ್ಟೆನೋವಿಗೆ ಬಂದು ಆಪರೇಷನ್ ಆದವನು. ಬಿಸಿ ಎಣ್ಣೆ ಚೆಲ್ಲಿಕೊಂಡವಳು. ಮುಳ್ಳಣ್ಣ. ಹೀಗೆ ಬೇರೆ ಕಾರಣಕ್ಕೆ ಬಂದು ಟೆಸ್ಟಿನಲ್ಲಿ ಸಿಕ್ಕಿದವರು ಇಪ್ಪತ್ತಾರು. ಉಸಿರು ಕಟ್ಟಿ, ಜ್ವರ ಏರಿ, ಸೋಂಕಿನಿಂದಲೇ ಬಂದವರು ನಲವತ್ತೈದು. ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಸ್ವಭಾವ ಬಿಡಲಿಲ್ಲ. ಹಿಂದಿನ ವಾರದ ಕಟ್ಟು ಬಿಚ್ಚಿ ಅದನ್ನೂ ಅದೇ ಜರಡಿಯಲ್ಲಿ ಸೋಸಿದಳು. ಆಗ ಇದ್ದದ್ದು ಐವತ್ತೆಂಟು. ಬೇರೆ ಕಾರಣದವರು ಇಪ್ಪತ್ತೇಳು, ಸೋಂಕಿನಿಂದ ಬಂದವರು ಮೂವತ್ತೊಂದು. ಅಂದರೆ ಮೂವತ್ತೊಂದು ಇದ್ದದ್ದು ಒಂದೇ ವಾರದಲ್ಲಿ ನಲವತ್ತೈದಾಗಿದೆ. ಊರಲ್ಲಿ ಸೋಂಕು ಅರ್ಧಕ್ಕಿಳಿದಿದ್ದರೆ ಇವರೆಲ್ಲ ಎಲ್ಲಿಂದ ಬಂದರು?

ಎದ್ದು ಲ್ಯಾಬಿಗೆ ಹೋದಳು. ಲ್ಯಾಬಿನವನು ಕಣ್ಣು ಕೆಂಪಾಗಿಸಿಕೊಂಡು ಒಬ್ಬನೇ ಕೂತಿದ್ದ.

"ಸೋಮವಾರ ಎಷ್ಟು ಟೆಸ್ಟ್ ಮಾಡಿದ್ರಿ?"

"ಸಾವಿರದ ಆರುನೂರ ಮೂವತ್ತು."

"ಇವತ್ತು?"

"ನಾನೂರ ಎಂಬತ್ತು. ಏನ್ಮಾಡ್ಲಿ ಅಕ್ಕ, ಮೂವರಲ್ಲಿ ಇಬ್ಬರು ಮಲಗಿಬಿಟ್ಟಿದಾರೆ. ನನಗಿರೋದು ಎರಡೇ ಕೈ."

ಅವಳು ಅಲ್ಲೇ ಗೋಡೆಗೆ ಹಾಳೆ ಒತ್ತಿ ಲೆಕ್ಕ ಹಾಕಿದಳು. ಸೋಮವಾರ ನೂರು ಜನರನ್ನು ನೋಡಿದರೆ ಹದಿಮೂರು ಮಂದಿಗೆ ಸೋಂಕು. ಇವತ್ತು ನೂರಕ್ಕೆ ಇಪ್ಪತ್ತು. ಇಳಿದದ್ದು ಸೋಂಕಲ್ಲ, ಹುಡುಕುವ ಕೈ.

ದೊಡ್ಡ ಡಾಕ್ಟರಮ್ಮ ಎರಡನೇ ಮಹಡಿಯ ಮೆಟ್ಟಿಲ ಮೇಲೆಯೇ ಸಿಕ್ಕರು. ಅವರಿಗೆ ಕುರ್ಚಿಯಲ್ಲಿ ಕೂರಲು ಪುರುಸೊತ್ತಿಲ್ಲದೆ ಎಷ್ಟೋ ದಿನವಾಗಿತ್ತು. ನಿಂತುಕೊಂಡೇ ಹಾಳೆ ನೋಡಿದರು.

"ಟೆಸ್ಟ್ ಕಡಿಮೆಯಾದದ್ದು ಹೇಳು. ವಾರ್ಡ್ ಏರಿದ್ದೂ ಹೇಳು. ಈ ಇಪ್ಪತ್ತಾರರ ಮಾತು ಬೇಡ."

"ಯಾಕಮ್ಮ? ನಿಜ ಅಲ್ವಾ?"

"ನಿಜವೇ. ಆದರೆ ಅವರು ಇಪ್ಪತ್ತಾರನ್ನ ಎತ್ಕೊಂಡು ನಲವತ್ತೈದನ್ನ ಅಲ್ಲೇ ಬಿಟ್ಟು ಹೋಗ್ತಾರೆ. ನನ್ನ ಹತ್ರ ಪೈಪಲ್ಲಿ ಆಕ್ಸಿಜನ್ ಬರೋದು ಅರವತ್ತೇ ಹಾಸಿಗೆಗೆ. ಅರವತ್ತೊಂದನೆಯವರು ಬಂದಾಗ ಸಂಘದವರು ಬಂದು ಊದ್ತಾರಾ?"

ಅಷ್ಟರಲ್ಲಿ ಮೇಲಿನಿಂದ ನರ್ಸ್ ಕೂಗಿದರು. ಡಾಕ್ಟರಮ್ಮ ಓಡುತ್ತಲೇ, "ನಾಳೆ ನಾನು ಬರೋಕಾಗಲ್ಲ, ನೀನೇ ಹೋಗಿ ಓದು" ಎಂದರು.

ಅತ್ತ ದರಿ, ಇತ್ತ ಹುಲಿ. ಹೇಳಿದರೆ ಡಾಕ್ಟರಮ್ಮನ ಮಾತು ಮೀರಿದಂತೆ. ಹೇಳದಿದ್ದರೆ? ಅಣ್ಣನಿಗೆ ಮುಳ್ಳಣ್ಣನ ಸಂಗತಿ ಗೊತ್ತೇ ಇದೆ. ಅದೊಂದನ್ನು ಮುಚ್ಚಿಟ್ಟಳೆಂದು ತಿಳಿದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ಸಂಜೆ ಅಮ್ಮ ಫೋನ್ ಮಾಡಿ, "ನಾಳೆ ನೀವಿಬ್ಬರೂ ಎದುರಾಬದುರು ಕೂರ್ತೀರಂತೆ. ಇಬ್ಬರೂ ನನ್ನ ಹೊಟ್ಟೇಲೇ ಹುಟ್ಟಿದ್ದು, ನೆನಪಿರಲಿ" ಎಂದಳು. "ಯಾರ ಮಾತು ಸರಿ ಅಂತ ನನ್ನ ಮಾತ್ರ ಕೇಳಬೇಡಿ. ನನಗೆ ಅವನು ಅಂಗಡೀಲಿ ಸುಮ್ನೆ ಕೂತಿರೋದು ನೋಡೋಕಾಗಲ್ಲ, ನೀನು ಆ ಆಸ್ಪತ್ರೆಗೆ ಹೋಗೋದೂ ನೋಡೋಕಾಗಲ್ಲ."

ಪುರಸಭೆಯ ಸಭಾಂಗಣದಲ್ಲಿ ಕಿಟಕಿಗಳನ್ನೆಲ್ಲ ತೆರೆದು, ಕುರ್ಚಿಗಳನ್ನು ಮಾರು ದೂರಕ್ಕೊಂದು ಹಾಕಿದ್ದರು. ಮಾಸ್ಕಿನೊಳಗಿನ ಮಾತು ಅಷ್ಟು ದೂರ ಕೇಳದೆ ಎಲ್ಲರೂ ಕೂಗಿಯೇ ಮಾತಾಡಬೇಕಾಗಿತ್ತು. ಹಾಗಾಗಿ ಜಗಳ ಶುರುವಾಗುವ ಮೊದಲೇ ಜಗಳದಂತೆ ಕೇಳುತ್ತಿತ್ತು.

ಅಣ್ಣ ಎದ್ದು ನಿಂತ. "ಏಳು ವಾರ ಆಯ್ತು. ಮಕ್ಕಳ ಕಾಲು ಬೆಳೀತಾ ಇದೆ, ಬೂಟು ನನ್ನ ಕಪಾಟಲ್ಲಿ ಹಾಗೇ ಇದೆ. ಅದಿರಲಿ. ನಮ್ಮ ಬೀದಿಯ ಟೈಲರ್ ಅಮ್ಮ ಮೆಷಿನ್ ಮಾರಿದ್ಲು. ಅದನ್ನ ಯಾವ ಹಾಳೇಲಿ ಬರೀತೀರಿ? ದಿನಾ ನಾಲ್ಕು ಅಂಕಿ ಓದ್ತೀರಿ. ಐದನೇ ಅಂಕಿ ನಮ್ಮದು, ಅದನ್ನ ಯಾರೂ ಎಣಿಸಲ್ಲ."

ಹಿಂದಿನ ಸಾಲಿನಿಂದ ನಿವೃತ್ತ ಹೆಡ್‌ಮಾಸ್ಟರ್ ಎದ್ದರು. ಎರಡು ತಿಂಗಳ ಹಿಂದೆ ಅವರ ಹೆಂಡತಿ ಇದೇ ಜ್ವರದಲ್ಲಿ ತೀರಿಕೊಂಡಿದ್ದರು. "ಒಂದೇ ಒಂದು ಕೇಸ್ ಇರೋವರೆಗೂ ಒಂದು ಬಾಗಿಲೂ ತೆಗೀಬಾರದು" ಎಂದಷ್ಟೇ ಹೇಳಿ ಕೂತರು.

ಅಧ್ಯಕ್ಷರು ಲೆಕ್ಕದಕ್ಕನ ಕಡೆ ತಿರುಗಿದರು. ಅವಳು ಹಾಳೆ ಬಿಡಿಸಿ ಎದ್ದು ನಿಂತಳು.

"ವಾರ್ಡಲ್ಲಿ ಎಪ್ಪತ್ತೊಂದು ಜನ ಇದಾರೆ" ಎಂದಳು. ಒಂದು ಕ್ಷಣ ಡಾಕ್ಟರಮ್ಮನ ಮುಖ ಕಣ್ಣ ಮುಂದೆ ಬಂತು. "ಅದರಲ್ಲಿ ಇಪ್ಪತ್ತಾರು ಜನ ಬಂದದ್ದು ಬೇರೆ ಕಾರಣಕ್ಕೆ."

ಸಂಘದವರ ಸಾಲಿನಲ್ಲಿ ಗದ್ದಲ ಎದ್ದಿತು. ಒಬ್ಬ ಮೇಜು ಬಡಿದ. "ಅಲ್ಲಿಗೆ ಮುಗೀತಲ್ಲ" ಎಂದು ಯಾರೋ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ತಂಗಿ ಇನ್ನೂ ಕೂತಿಲ್ಲವೆಂಬುದನ್ನು ಅವನು ನೋಡಿದ್ದ.

"ಮುಗೀಲಿಲ್ಲ" ಎಂದಳು ಅವಳು. ಟೆಸ್ಟುಗಳ ಕಥೆ ಹೇಳಿದಳು. ಮೂವತ್ತೊಂದು ನಲವತ್ತೈದಾದದ್ದು ಹೇಳಿದಳು. "ಗದ್ದೇಲಿ ಕಳೆ ಕಡಿಮೆ ಆಗಿದೆಯೋ ಇಲ್ವೋ ಅಂತ ಕಿತ್ತ ಕಳೇನ ಎಣಿಸಿ ಹೇಳೋಕಾಗಲ್ಲ. ಮೊನ್ನೆ ಮೂವರು ಕೀಳ್ತಿದ್ರು, ಇವತ್ತು ಒಬ್ಬನೇ ಕೀಳ್ತಿದಾನೆ."

ಗದ್ದಲ ತಣ್ಣಗಾಯಿತು. ಅಣ್ಣ ಕೂತಲ್ಲಿಂದಲೇ ಕೇಳಿದ. "ನಿನ್ನೆ ನನ್ನ ಹತ್ರ ಇದನ್ನ ಹೇಳಲಿಲ್ಲ."

"ನಿನ್ನೆ ಬೆಳಿಗ್ಗೆ ನನಗೂ ಗೊತ್ತಿರಲಿಲ್ಲ ಅಣ್ಣ. ನೀನು ಕೇಳಿದ್ದಕ್ಕೇ ಹುಡುಕಿದ್ದು."

ಆಮೇಲೆ ಒಂದು ಗಂಟೆ ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಅಧ್ಯಕ್ಷರು ಬೇಸತ್ತು, "ಅಮ್ಮಾ, ನಾಲ್ಕು ಅಂಕಿ ಬೇಡ, ಒಂದೇ ಒಂದು ಹೇಳಿ. ಯಾವುದನ್ನ ನಂಬಬೇಕು?" ಎಂದರು. ಅವಳು ತನ್ನ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಟೆಸ್ಟಿನ ಅಂಕಿ ಲ್ಯಾಬಿನವನ ಕೈಯನ್ನು ನಂಬಿಕೊಂಡಿದೆ. ಉಸಿರು ಕಟ್ಟಿ ಬಂದವರ ಅಂಕಿ ಹಾಗಲ್ಲ, ಉಸಿರು ಕಟ್ಟಿದವರು ಬಂದೇ ಬರುತ್ತಾರೆ. "ಸೋಂಕಿನಿಂದಲೇ ಬಂದವರನ್ನ ಮಾತ್ರ ಐದು ದಿನ ನೋಡೋಣ. ಹಾಸಿಗೆ ಅರವತ್ತಿದೆ. ಬುಧವಾರದೊಳಗೆ ಐವತ್ತು ದಾಟದಿದ್ದರೆ ಅಂಗಡಿ ತೆಗೀಲಿ. ದಾಟಿದರೆ ಇನ್ನೆರಡು ವಾರ ಬೇಡ."

"ಐವತ್ತೇ ಯಾಕೆ? ಐವತ್ತೈದು ಯಾಕಿಲ್ಲ?" ಎಂದಿತು ಒಂದು ದನಿ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಿತ್ತು. ಹೆಡ್‌ಮಾಸ್ಟರಿಗೆ ಅದು ಹೆಚ್ಚಾಯಿತು, ಸಂಘಕ್ಕೆ ಕಡಿಮೆಯಾಯಿತು. ಯಾರಿಗೂ ಒಪ್ಪಿಗೆಯಾಗದ ಕಾರಣಕ್ಕೇ ಎಲ್ಲರೂ ಒಪ್ಪಿದರು.

ಡಾಕ್ಟರಮ್ಮ ಮೂರು ದಿನ ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಶನಿವಾರ ನಲವತ್ತಾರು. ಭಾನುವಾರ ನಲವತ್ತೆಂಟು. ಸೋಮವಾರ ಮೂವರು ಗುಣವಾಗಿ ಮನೆಗೆ ಹೋಗಿ ನಲವತ್ತೇಳಕ್ಕಿಳಿದಾಗ ಬೀದಿಯಲ್ಲಿ ಒಬ್ಬ ಶಟರ್‌ಗೆ ಬಣ್ಣ ಹೊಡೆಯಲು ಶುರುಮಾಡಿದನಂತೆ. ಮಂಗಳವಾರ ನಲವತ್ತೊಂಬತ್ತು. ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕು, ಅವಳು ಪೆನ್ನು ಕೆಳಗಿಟ್ಟು ಕಾಯುತ್ತಿದ್ದಳು. ಬಂದವರು ಕೈ ಮುರಿದುಕೊಂಡವರಾಗಿರಲಿ ದೇವರೇ ಎಂದು ಒಮ್ಮೆ ಬೇಡಿಕೊಂಡು, ಬೇಡಿಕೊಂಡದ್ದು ಏನೆಂದು ಹೊಳೆದು, ತುಟಿ ಕಚ್ಚಿಕೊಂಡಳು.

ಬುಧವಾರ ಬೆಳಿಗ್ಗೆ ಎಂಟೂವರೆಗೆ ವಾರ್ಡಿನ ಪಟ್ಟಿ ಬಂತು. ಒಬ್ಬರು ಹೊಸಬರು. ಐವತ್ತು. ಸರಿಯಾಗಿ ಐವತ್ತು, ದಾಟಿಲ್ಲ. ಅವಳು ನಿಟ್ಟುಸಿರು ಬಿಟ್ಟು, ಬೇರೆ ಕಾರಣದವರ ಪಟ್ಟಿಯನ್ನು ಅಭ್ಯಾಸಬಲದಿಂದ ಮೇಲಿನಿಂದ ಕೆಳಗೆ ಓದಿದಳು. ಹನ್ನೊಂದನೆಯ ಹೆಸರಿನ ಮುಂದೆ ನರ್ಸ್ ಪೆನ್ಸಿಲಿನಲ್ಲಿ ಬರೆದಿದ್ದರು: ನಿನ್ನೆ ಸಂಜೆಯಿಂದ ಆಕ್ಸಿಜನ್.

ಮುಳ್ಳಣ್ಣ.

ಅವಳು ವಾರ್ಡಿಗೆ ಫೋನ್ ಮಾಡಿದಳು. ಮೂಳೆ ಕೂಡಿಕೊಳ್ಳುತ್ತಿದೆ, ಆದರೆ ಎರಡು ದಿನದಿಂದ ಜ್ವರ, ನಿನ್ನೆ ಎಕ್ಸ್‌ರೇಯಲ್ಲಿ ಶ್ವಾಸಕೋಶ ಬೆಳ್ಳಗೆ ಕಂಡಿದೆ, ಉಸಿರಿಗೆ ಕಷ್ಟಪಡುತ್ತಿದ್ದಾನೆ ಎಂದರು.

ಸಭೆಯಲ್ಲಿ ಅವಳೇ ಆಡಿದ ಮಾತು "ಸೋಂಕಿನಿಂದಲೇ ಬಂದವರು" ಎಂದು. ಮುಳ್ಳಣ್ಣ ಬಂದದ್ದು ಏಣಿಯಿಂದ ಬಿದ್ದು. ಅಕ್ಷರ ಹಿಡಿದು ನೋಡಿದರೆ ಅವನು ಇರುವಲ್ಲೇ ಇರಬೇಕು, ಅಂಗಡಿಗಳು ನಾಳೆ ಬಾಗಿಲು ತೆಗೆಯಬೇಕು. ಆದರೆ ಈಗ ಅವನನ್ನು ಮಂಚಕ್ಕೆ ಕಟ್ಟಿಹಾಕಿರುವುದು ಮೂಳೆಯಲ್ಲ. ಅವನನ್ನು ಈಚೆ ಸಾಲಿಗೆ ತಂದರೆ ಐವತ್ತೊಂದು. ಡಾಕ್ಟರಮ್ಮನನ್ನು ಕೇಳೋಣವೆಂದರೆ ಅವರು ಆಪರೇಷನ್ ಕೋಣೆಯಲ್ಲಿದ್ದರು. ಹನ್ನೊಂದಕ್ಕೆ ಇನ್ನೂ ಎರಡು ಗಂಟೆಯಿತ್ತು. ಅವಳು ರಬ್ಬರು ತೆಗೆದುಕೊಂಡಳು, ಇಟ್ಟಳು. ಬೆವರಿಗೆ ಮಾಸ್ಕ್ ಮೂತಿಗೆ ಅಂಟಿಕೊಂಡಿತ್ತು.

ಒಂಬತ್ತೂವರೆಗೆ ಕಾವಲುಗಾರ ಬಂದು ಗೇಟಿನಲ್ಲಿ ಅಣ್ಣ ಕಾಯುತ್ತಿದ್ದಾನೆಂದ. ಅಂಕಿ ಕೇಳಲು ಬಂದಿದ್ದಾನೆ ಎಂದುಕೊಂಡೇ ಹೊರಗೆ ಹೋದಳು.

ಅವನ ಕೈಯಲ್ಲಿ ಒಂದು ಕಂಬಳಿ, ಹಲ್ಲುಜ್ಜುವ ಬ್ರಷ್ಷು, ಎರಡು ಜೊತೆ ಕಾಲುಚೀಲ ಇದ್ದವು. "ವಾರ್ಡಿಂದ ಫೋನ್ ಬಂದಿತ್ತು, ಮುಳ್ಳಣ್ಣ ನನ್ನ ನಂಬರ್ ಕೊಟ್ಟಿದ್ನಂತೆ" ಎಂದ. "ಕಾಲು ತಣ್ಣಗಾಗುತ್ತೆ ಅಂತಿದ್ದ. ಇದನ್ನ ತಲುಪಿಸ್ತೀಯಾ?"

"ಕೊಡು."

ಗೇಟಿನ ಸರಳಿನ ಸಂದಿಯಲ್ಲಿ ಕಂಬಳಿ ತೂರದೆ, ಇಬ್ಬರೂ ಆಚೆಯಿಂದ ಈಚೆಯಿಂದ ಎಳೆದು ತಳ್ಳಿ ಒಳಗೆ ತಂದರು. ಅಣ್ಣ ಹೋಗಲಿಲ್ಲ.

"ಸಭೇಲಿ ನಾನು ಅವನನ್ನೇ ಮುಂದಿಟ್ಕೊಂಡು ಮಾತಾಡಬೇಕು ಅಂತಿದ್ದೆ. ಕೆಮ್ಮಿಲ್ಲ, ನೆಗಡಿಯಿಲ್ಲ ಅಂತ." ಅವನು ರಸ್ತೆಯ ಕಡೆ ನೋಡುತ್ತಿದ್ದ. "ಇವತ್ತು ಎಷ್ಟಾಗಿದೆ?"

"ಹನ್ನೊಂದಕ್ಕೆ ಗೊತ್ತಾಗುತ್ತೆ."

"ನನ್ನ ತಂಗಿ ಮುಖ ನೋಡಿದ್ರೆ ನನಗೆ ಗೊತ್ತಾಗಲ್ವೇನೇ. ಗೆರೆ ಮೇಲೇ ಇದೆ ಅಲ್ವಾ?"

ಅವಳು ಕಂಬಳಿ ಮಡಚತೊಡಗಿದಳು. ಹನ್ನೊಂದಕ್ಕೆ ಮೊದಲು ಅಂಕಿ ಹೇಳುವಂತಿರಲಿಲ್ಲ.

"ಅವನನ್ನ ಯಾವ ಸಾಲಲ್ಲಿ ಬರ್ದಿದೀಯ?"

"ಇನ್ನೂ ಮೂಳೆ ಸಾಲಲ್ಲೇ ಇದಾನೆ."

ರಸ್ತೆಯ ಆಚೆ ಔಷಧಿ ಅಂಗಡಿಯ ಮುಂದೆ ಜನ ಸುಣ್ಣದ ಸುತ್ತುಗಳೊಳಗೆ ನಿಂತಿದ್ದರು. "ಸಂಘದವರಿಗೆ ನಾನು ಏನಂತ ಹೇಳ್ಲಿ" ಎಂದ ಅಣ್ಣ, ತನ್ನಷ್ಟಕ್ಕೆ ಎಂಬಂತೆ. ಆಮೇಲೆ, "ಮೂಳೆ ಅಂತ ಬರೀಬೇಡ ಕಣೇ. ಮೂಳೆಗೆ ಯಾರೂ ಹಾಗೆ ಏದುಸಿರು ಬಿಡಲ್ಲ. ಫೋನಲ್ಲಿ ಕೇಳಿಸ್ಕೊಂಡೆ" ಎಂದು ಹೇಳಿ, ತಿರುಗಿ ನೋಡದೆ ಹೊರಟುಹೋದ.

ಅವಳು ಕಂಬಳಿಯನ್ನು ವಾರ್ಡಿಗೆ ಕಳಿಸಿ ಕೋಣೆಗೆ ಬಂದಳು. ಅಣ್ಣ ಹೇಳಿದನೆಂದು ಬರೆಯುವುದೂ ತಪ್ಪೇ ಎನಿಸಿತು. ಬೇರೆ ಕಾರಣದವರ ಹಾಳೆಗಳನ್ನು ಮತ್ತೆ ಮೊದಲಿನಿಂದ ತೆಗೆದು, ಇನ್ನಾರಾದರೂ ಹಾಗೆಯೇ ಜಾರಿದ್ದಾರೋ ನೋಡಿದಳು. ಇರಲಿಲ್ಲ. ಈಚೆಯ ಐವತ್ತರಲ್ಲಿ ಯಾರಾದರೂ ಆಚೆಗೆ ಹೋಗಬೇಕಾದವರು ಇದ್ದಾರೋ ಎಂದೂ ನೋಡಿದಳು. ಅದೂ ಇರಲಿಲ್ಲ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಐವತ್ತೊಂದು ಎಂದು ಬರೆದು, ಕೆಳಗೆ ಎರಡು ಸಾಲಿನಲ್ಲಿ ಕಾರಣ ಬರೆದು ಕಳಿಸಿದಳು.

ಅಂಗಡಿಗಳು ಇನ್ನೆರಡು ವಾರ ಮುಚ್ಚಿಯೇ ಇದ್ದವು. ಅಣ್ಣನ ಮೇಲೆ ಸಂಘದವರು ಹರಿಹಾಯ್ದರು. ತಂಗಿಯ ಜೊತೆ ಸೇರಿ ಮೋಸ ಮಾಡಿದನೆಂದು ಒಬ್ಬ ಅವನ ಶಟರ್ ಮೇಲೆ ಇದ್ದಿಲಿನಲ್ಲಿ ಬರೆದ. ಅವನು ಗೇಟಿನ ಮಾತನ್ನು ಯಾರಿಗೂ ಹೇಳಲಿಲ್ಲ, ತಂಗಿಗೆ ಫೋನೂ ಮಾಡಲಿಲ್ಲ. ಅಮ್ಮನೇ ನಡುವೆ ಸುದ್ದಿ ಸಾಗಿಸುತ್ತಿದ್ದಳು, "ಊಟ ಮಾಡ್ತಿದಾನೆ" "ಊಟ ಮಾಡ್ತಿದಾಳೆ" ಎಂದು ಇತ್ತಿಂದತ್ತ.

ಅಂಕಿ ಏರುತ್ತಲೇ ಹೋಯಿತು. ಒಂಬತ್ತನೆಯ ದಿನ ಅರವತ್ತೆಂಟು ಮುಟ್ಟಿತು. ಎಂಟು ಜನರನ್ನು ಕಾರಿಡಾರಿನಲ್ಲಿ ಮಲಗಿಸಿ, ಡಾಕ್ಟರಮ್ಮ ಎಲ್ಲಿಂದಲೋ ಸಿಲಿಂಡರ್ ತರಿಸಿದರು. ಒಂದು ಬೆಳಿಗ್ಗೆ ಅವರು ಅಪರೂಪಕ್ಕೆ ನೆಲಮಾಳಿಗೆಗೆ ಇಳಿದು ಬಂದು, "ಸೋಂಕಿನವರದು, ಬೇರೆ ಕಾರಣದವರದು, ನಿನ್ನ ಆ ಎರಡು ಸಾಲನ್ನೂ ಇನ್ನು ದಿನಾ ಕಳಿಸು" ಎಂದರು. ಅದಕ್ಕಿಂತ ಬಿಡಿಸಿ ಕ್ಷಮೆ ಕೇಳುವವರಲ್ಲ ಅವರು. ಹನ್ನೆರಡನೆಯ ದಿನದಿಂದ ಅಂಕಿ ಇಳಿಯಿತು. ಲ್ಯಾಬಿನ ಇಬ್ಬರೂ ಕೆಲಸಕ್ಕೆ ಮರಳಿದ್ದರು. ಟೆಸ್ಟ್ ಏರಿಯೂ ಸೋಂಕು ನೂರಕ್ಕೆ ಒಂಬತ್ತಕ್ಕೆ ಬಂದಿತ್ತು. ಮೂರನೆಯ ವಾರ ಬಾಗಿಲುಗಳು ತೆರೆದವು. ಮುಖ್ಯ ಬೀದಿಯಲ್ಲಿ ಎರಡು ಅಂಗಡಿ ಮಾತ್ರ ತೆರೆಯಲೇ ಇಲ್ಲ.

ಮುಳ್ಳಣ್ಣ ಬದುಕಿದ. ಮೂವತ್ತೇಳು ದಿನ ಮಲಗಿ, ಅರ್ಧ ಆಗಿ, ಗಾಲಿಕುರ್ಚಿಯಲ್ಲಿ ಹೊರಬಂದ ದಿನ ಕರೆದೊಯ್ಯಲು ಬಂದದ್ದು ಅಣ್ಣ. ಲೆಕ್ಕದಕ್ಕ ಬಿಡುಗಡೆಯ ಕಾಗದ ಹಿಡಿದು ಗೇಟಿನ ತನಕ ಬಂದಳು. ಮುಳ್ಳಣ್ಣನನ್ನು ಆಟೋದಲ್ಲಿ ಕೂರಿಸಿ, ಕಾಲು ನೀಡಿಸಿ, ಅಣ್ಣ ಅವಳ ಕಡೆ ತಿರುಗಿದ. ತಿಂಗಳಾಗುತ್ತ ಬಂದಿತ್ತು ಇಬ್ಬರೂ ಮುಖ ನೋಡಿ.

"ಒಂದು ಕೇಳ್ತೀನಿ. ಐವತ್ತು ಅಂದ್ಯಲ್ಲ ಅವತ್ತು, ನಿನಗೆ ಖಾತ್ರಿ ಇತ್ತಾ?"

"ಇರಲಿಲ್ಲ."

"ಎರಡು ವಾರ ಮುಚ್ಚಿದ್ದಕ್ಕೇ ಇಳೀತು ಅಂತಾದ್ರೂ ಖಾತ್ರಿನಾ?"

"ಅದೂ ಇಲ್ಲ ಅಣ್ಣ. ಮುಚ್ಚದಿದ್ರೆ ನೂರು ದಾಟ್ತಿತ್ತು ಅಂತಾರೆ ಡಾಕ್ಟರಮ್ಮ. ಇರಬಹುದು. ಅದಾಗೇ ಇಳೀತಿತ್ತೋ ಏನೋ. ಮುಚ್ಚದೇ ಇದ್ದ ಊರು ಇನ್ನೊಂದು ಪಕ್ಕದಲ್ಲಿದ್ದಿದ್ರೆ ನೋಡಿ ಹೇಳಬಹುದಿತ್ತು."

"ಖಾತ್ರಿ ಇಲ್ಲ ಅಂತ ಅವತ್ತೇ ಹೇಳಬೇಕಿತ್ತು."

"ಹೇಳಿದ್ರೆ ಐದು ದಿನ ಕೊಡ್ತಿದ್ರಾ?"

ಅಣ್ಣ ಯೋಚಿಸಿದ. "ಇಲ್ಲ" ಎಂದ.

ಆಟೋದೊಳಗಿಂದ ಮುಳ್ಳಣ್ಣ, "ಬಿಸಿಲಲ್ಲಿ ನನ್ನ ಕೂರಿಸಿ ಅಣ್ಣತಂಗಿ ಏನು ಪಂಚಾಯ್ತಿ ಮಾಡ್ತೀರಪ್ಪ" ಎಂದು ಕ್ಷೀಣ ದನಿಯಲ್ಲಿ ಗೊಣಗಿದ. ಅಣ್ಣ ಅವನ ಪಕ್ಕ ಹತ್ತಿ ಕೂತ. ಆಟೋ ಹೊರಡುವಾಗ ತಲೆ ಹೊರಗೆ ಹಾಕಿ, "ಭಾನುವಾರ ಅಮ್ಮ ಊಟಕ್ಕೆ ಕರೀತಿದಾಳೆ, ಬಾ" ಎಂದ. ಅಮ್ಮ ಹಾಗೆಂದು ಅವಳಿಗೆ ಹೇಳಿರಲಿಲ್ಲ. ಅವಳು ತಲೆಯಾಡಿಸಿ, ಮುಂದಿನ ರೋಗಿಯ ಕಾಗದ ತರಲು ಒಳಗೆ ನಡೆದಳು.